ಭತ್ತದ ಹುಲ್ಲಿಗೆ ಬೆಂಕಿ ಹಚ್ಚಬೇಡ್ರಿ

ಚಳಿ ಬಂತು, ಇನ್ನು ಹಿತ್ತಲ ಕೆಲಸ ಮುಗೀತಲ್ಲ ಅಂತೀರಿ. ಮುಗಿಯೋದೆಲ್ಲಿ ಬಂತ್ರಿ? ನಮ್ಮ ದೇಶನೂರಿನಲ್ಲಿ ಹಿತ್ತಲಿಗೆ ವರ್ಷ ಶುರುವಾಗೋದೇ ಈಗ. ಸ್ವಾತಿ ಮಳೆ ಹೋಗಿ ವಿಶಾಖಿ ಬರೋ ಹೊತ್ತಿಗೆ ನೆಲ ತಣ್ಣಗಾಗಿರುತ್ತೆ, ಎರೆಮಣ್ಣಿನೊಳಗೆ ಹಸಿ ಇನ್ನೂ ಉಳಿದಿರುತ್ತೆ. ಸೊಪ್ಪು ಬಿತ್ತೋಕೆ ಇದಕ್ಕಿಂತ ಒಳ್ಳೆ ಕಾಲ ಯಾವುದಿದೆ ಹೇಳ್ರಿ.

ನಮ್ಮ ಹುಡುಗರು ಫೋನಿನಲ್ಲಿ ನೋಡಿ ‘ಪರ್ಮಾಕಲ್ಚರ್’ ಅಂತಾರಲ್ಲ, ಅದರ ಮೊದಲ ಪುಸ್ತಕ ಬಂದದ್ದು 1978ರಲ್ಲಿ. ಬರೆದವರು ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್. ಕಾಡಿಗೆ ಯಾರೂ ಗೊಬ್ಬರ ಹಾಕಲ್ಲ, ಉಳಲ್ಲ, ಆದ್ರೂ ಬೆಳೆಯುತ್ತೆ. ಮನೆಯ ತೋಟವನ್ನೂ ಹಾಗೇ ಕಟ್ಟೋಣ ಅನ್ನೋದು ಅವರ ವಿಚಾರ. ನನಗೆ ಒಪ್ಪಿಗೆಯಾದ ಮಾತು. ಆದ್ರೆ ತಣ್ಣನೆ ದೇಶದವರು ಚಳಿಗಾಲಕ್ಕೆ ಹೇಳೋದೆಲ್ಲ ಹಿಮದಿಂದ ಗಿಡ ಕಾಯೋ ಉಪಾಯ. ನಮಗೆ ಹಿಮದ ಭಯ ಎಲ್ಲಿ? ನಮ್ಮ ಗಿಡ ಸಾಯೋದು ಏಪ್ರಿಲ್, ಮೇನಲ್ಲಿ, ಬಿಸಿಲು 40 ಡಿಗ್ರಿ ದಾಟಿದಾಗ. ಆ ಬ್ಯಾಸಗಿಗೆ ಸಿದ್ಧತೆ ಮಾಡಬೇಕಾದ್ದು ಈ ಚಳಿಯಲ್ಲೇ.

ಸಿದ್ಧತೆ ಅಂದ್ರೆ ಮೊದಲನೇದು ಮುಚ್ಚಿಗೆ. ಎರೆಮಣ್ಣಿನ ಸ್ವಭಾವ ನಿಮಗೆ ಗೊತ್ತೇ ಇದೆ. ನೀರು ಕುಡಿದಾಗ ಉಬ್ಬುತ್ತೆ, ಒಣಗಿದಾಗ ಕುಗ್ಗಿ ಬಿರಿಯುತ್ತೆ. ಆ ಬಿರುಕಿನಿಂದಲೇ ಆಳದ ಹಸಿಯೂ ಹಾರಿ ಹೋಗುತ್ತೆ, ಎಳೆ ಬೇರೂ ಹರಿದು ಹೋಗುತ್ತೆ. ಬನ್ರಿ, ಈ ಬದನೆ ಗಿಡದ ಬುಡ ನೋಡ್ರಿ. ಹುಲ್ಲು ಸರಿಸಿದ್ರೆ ಮಣ್ಣು ಕರ್ರಗೆ, ಬೆರಳು ಸಲೀಸಾಗಿ ಇಳಿಯುತ್ತೆ. ಹುಲ್ಲಿನ ಕೆಳಪದರ ಕೊಳೆತು ಕಂದಾಗಿದೆ, ನಡುವೆ ಎರೆಹುಳದ ಹಿಕ್ಕೆ ಸಣ್ಣ ಸಣ್ಣ ಗುಳಿಗೆಯಾಗಿ ಬಿದ್ದಿದೆ. ಅಲ್ಲೇ ಆ ಗೋಡೆ ಬದಿ, ಹುಲ್ಲಿಲ್ಲದ ಜಾಗದಲ್ಲಿ ಆಗಲೇ ಬಿರುಕು ಬಾಯಿ ತೆರೆದಿದೆ. ನೀರು ಎರಡೂ ಕಡೆ ಒಂದೇ ಸಮ ಹಾಕಿದ್ದು.

ಅದಕ್ಕೇ ನನ್ನ ಹೊಟ್ಟೆ ಉರಿಯೋದು. ಸಿರುಗುಪ್ಪ ತಾಲ್ಲೂಕು ಅಂದ್ರೆ ಭತ್ತದ ಕಣಜ. ಇನ್ನೇನು ಕೊಯ್ಲಿನ ಮಷೀನು ಗದ್ದೆಗೆ ಇಳಿಯುತ್ತೆ, ಹಿಂದೆಯೇ ಹುಲ್ಲಿಗೆ ಬೆಂಕಿ ಬೀಳುತ್ತೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು ಐದೂವರೆ ಕಿಲೋ ಸಾರಜನಕ, 25 ಕಿಲೋ ಪೊಟ್ಯಾಷ್ ಇರುತ್ತೆ. ಸುಟ್ಟಾಗ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಹೊಗೆಯಾಗಿ ಹೋಗುತ್ತೆ. ಆಮೇಲೆ ಅದೇ ಸಾರಜನಕಕ್ಕೆ ಯೂರಿಯಾ ಅಂಗಡಿ ಮುಂದೆ ಸಾಲು ನಿಲ್ಲಬೇಕು. ಮೂಡಲದ ಮನೆಯ ಅಜ್ಜಿ ಆ ಹೊಗೆಗೆ ರಾತ್ರಿಯೆಲ್ಲ ಕೆಮ್ಮೋದು ಬೇರೆ.

ಹುಲ್ಲನ್ನು ಮಣ್ಣಿನೊಳಗೆ ಮಾತ್ರ ಅಗೆದು ಸೇರಿಸಬೇಡ್ರಿ. ಹಸಿ ಹುಲ್ಲು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ತಿನ್ನುತ್ತೆ, ಗಿಡ ಹಳದಿಯಾಗುತ್ತೆ. ಮೇಲೆ ಹರಡ್ರಿ, ಒಂದು ಗೇಣು ದಪ್ಪ ಇರಲಿ, ಸಗಣಿ ನೀರು ಚಿಮುಕಿಸ್ರಿ. ಕಾಂಡಕ್ಕೆ ತಾಗಿಸಬಾರದು, ಬುಡ ಕೊಳೆಯುತ್ತೆ, ಗೆದ್ದಲೂ ಹತ್ತುತ್ತೆ. ಕಬ್ಬಿನ ರವದಿ ಸಿಕ್ರೂ ಆಗುತ್ತೆ.

ಬಿತ್ತೋದಕ್ಕೆ ಮೆಂತ್ಯ, ಪಾಲಕ್, ಗಜ್ಜರಿ, ಹಕ್ಕರಕಿ, ಉಳ್ಳಾಗಡ್ಡಿ ಎಲ್ಲಾ ಆಯ್ತು. ಕೊತ್ತಂಬರಿ ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ರಿ. ಬ್ಯಾಸಗಿಯಲ್ಲಿ ಹೂ ಬಿಟ್ಟು ಕೈ ಕೊಡೋ ಸೊಪ್ಪು ಈಗ ಹುಲುಸಾಗಿ ಬರುತ್ತೆ. ಚಪ್ಪರದ ಅವರೆಗೆ ಮೋಡದ ದಿನ ಹೇನು ಹತ್ತುತ್ತೆ. ಹತ್ತಿದ ಕೂಡಲೇ ಔಷಧಿ ಹೊಡೀಬೇಡ್ರಿ. ಕೆಂಪು ಬೆನ್ನಿಗೆ ಕರಿ ಚುಕ್ಕಿಯ ಗುಲಗಂಜಿ ಹುಳ ಬಂದು ಅದನ್ನೆಲ್ಲ ತಿಂದು ಹಾಕುತ್ತೆ. ಔಷಧಿ ಹೊಡೆದ್ರೆ ಮೊದಲು ಸಾಯೋದು ಆ ಪಾಪದ ಹುಳವೇ.

ನೀರಿನ ಮಾತು ಬಿಡೋ ಹಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಹರಿದು ಗೇಟು ಕೊಚ್ಚಿಹೋದಾಗ ಊರೂರೇ ಎದೆ ಹಿಡ್ಕೊಂಡು ಕೂತಿತ್ತು. ಕಾಲುವೆ ನಂಬಿದವರಿಗೆ ಆ ಹೆದರಿಕೆ ಎಂದೂ ತಪ್ಪಿದ್ದಲ್ಲ. ನನ್ನ ಹಿತ್ತಲು ಮಾತ್ರ ಬಚ್ಚಲ ನೀರಲ್ಲೇ ನಡೆಯುತ್ತೆ. ನೀರು ಮೊದಲು ಬಾಳೆ ಗುಂಡಿಗೆ, ಅಲ್ಲಿಂದ ಕೆಸುವಿಗೆ, ಆಮೇಲೆ ನುಗ್ಗೆಗೆ. ನಮ್ಮ ಹಿರಿಯರು ಬಚ್ಚಲ ಬದಿಗೆ ಬಾಳೆ ನೆಟ್ಟದ್ದು ಸುಮ್ಮನೆ ಅಲ್ಲರಿ. ಈಗ ಸಿಮೆಂಟು ಚರಂಡಿಗೆ ಬಿಡೋ ಆ ನೀರನ್ನು ನೀವೂ ಬೇಲಿ ಕಡೆಗೆ ತಿರುಗಿಸ್ರಿ.

ನಿಮ್ಮ ಗದ್ದೆಗೆ ಮಷೀನು ಬಂದ ದಿನ ನನಗೊಂದು ಮಾತು ಹೇಳ್ರಿ. ಹುಲ್ಲು ನಾನೇ ಬಂದು ಹೊತ್ತುಕೊಂಡು ಬರ್ತೀನಿ, ಅರ್ಧ ನಿಮ್ಮ ಹಿತ್ತಲಿಗೇ ಹರಡಿ ಕೊಡ್ತೀನಿ. ಅವರೆ ಬೀಜ ಈಗಲೇ ಒಯ್ಯಿರಿ, ಬೇಲಿಗೆ ಹಬ್ಬಿಸೋಣ.