ಉಪ್ಪು ನೋಡುವವರು

ನಮ್ಮ ಕಡೆ ಕಿಡ್ನಿಗೆ ಮರ್ಯಾದೆ ಸಿಗುವುದು ಅದರಲ್ಲಿ ಕಲ್ಲು ಸಿಕ್ಕಾಗ ಮಾತ್ರ. ಸುದ್ದಿ ಹೊರಬಿದ್ದ ದಿನವೇ ನೆಂಟರಿಷ್ಟರೆಲ್ಲ ವೈದ್ಯರಾಗುತ್ತಾರೆ. ಒಬ್ಬರು ಬಾಳೆದಿಂಡಿನ ಪಲ್ಯ ಅನ್ನುತ್ತಾರೆ, ಇನ್ನೊಬ್ಬರು ಹುರುಳಿ ಕಟ್ಟು, ಮತ್ತೊಬ್ಬರು ಬಾರ್ಲಿ ನೀರು. ಕಲ್ಲು ಕರಗಿತೋ ಬಿಟ್ಟಿತೋ, ದಿಂಡು ಹೆಚ್ಚಿ ನಾರು ತೆಗೆದವರ ಕೈಯಂತೂ ಕಪ್ಪಾಗುತ್ತದೆ. ಕಲ್ಲಿಲ್ಲದ ಕಿಡ್ನಿ ದಿನವಿಡೀ ಏನು ಮಾಡುತ್ತದೆಂದು ಕೇಳುವವರಿಲ್ಲ. ಹೃದಯ ಬಡಿದುಕೊಂಡು ಹಾಜರಿ ಹಾಕುತ್ತದೆ, ಹೊಟ್ಟೆ ಗುಡುಗುತ್ತದೆ. ಬೆನ್ನಿನ ಹತ್ತಿರ ಕೂತ ಈ ಜೋಡಿಗೆ ಸದ್ದೇ ಇಲ್ಲ.

ಒಂದೊಂದರ ತೂಕ ಸುಮಾರು 150 ಗ್ರಾಂ. ಆದರೂ ಹೃದಯ ತಳ್ಳುವ ರಕ್ತದಲ್ಲಿ ಐದನೆಯ ಒಂದು ಪಾಲು ಇವುಗಳಿಗೇ ಹೋಗಬೇಕು. ದರ್ಶಿನಿಯಲ್ಲಿ ನಿಂತು ಒಂದು ಕಾಫಿಯನ್ನು ಬೈಟು ಮಾಡಿ ಕುಡಿಯಲು ಶುರುಮಾಡುವ ನಿಮಿಷದಲ್ಲಿ ಇವು ರಕ್ತದಿಂದ 125 ಮಿಲಿಲೀಟರ್ ನೀರನ್ನು ಸೋಸಿ ಮುಗಿಸಿರುತ್ತವೆ. ದಿನಕ್ಕೆ 180 ಲೀಟರ್! ನಾವು ಹೊರಗೆ ಬಿಡುವುದು ಒಂದೂವರೆ ಲೀಟರ್ ಅಷ್ಟೇ. ಉಳಿದದ್ದೆಲ್ಲ ವಾಪಸ್. ಕಿಡ್ನಿಯ ಕ್ರಮವೇ ವಿಚಿತ್ರ. ಕೆಟ್ಟದ್ದನ್ನೇ ಹೆಕ್ಕಿ ತೆಗೆಯುವ ಗೋಜಿಗೆ ಅದು ಹೆಚ್ಚಾಗಿ ಹೋಗುವುದಿಲ್ಲ. ರಕ್ತಕಣ, ಪ್ರೋಟೀನು ಬಿಟ್ಟು ಮಿಕ್ಕಿದ್ದನ್ನೆಲ್ಲ ಬಾಗಿಲಾಚೆ ದೂಡಿ, ಆಮೇಲೆ ಸಕ್ಕರೆ, ಉಪ್ಪು, ನೀರನ್ನು ಗುರುತು ಹಿಡಿದು ಒಳಗೆ ಕರೆಯುತ್ತದೆ. ಕರೆಯದವರು ಹೊರಗೇ.

ಇದನ್ನು ಒಪ್ಪಿಕೊಳ್ಳಲು ವಿದ್ವಾಂಸರಿಗೆ ಎಂಬತ್ತು ವರ್ಷ ಹಿಡಿಯಿತು. 1842ರಲ್ಲಿ ಲಂಡನ್ನಿನ ವಿಲಿಯಂ ಬೋಮನ್, ಕೂದಲಿಗಿಂತ ಸಣ್ಣ ರಕ್ತನಾಳಗಳ ಉಂಡೆಯೊಂದು ಪುಟ್ಟ ಬಟ್ಟಲಲ್ಲಿ ಕೂತಿರುವುದನ್ನು ವಿವರಿಸಿದ. ಒಂದು ಕಿಡ್ನಿಯಲ್ಲಿ ಅಂಥವು ಸುಮಾರು ಹತ್ತು ಲಕ್ಷ. ಅದೇ ಕಾಲಕ್ಕೆ ಜರ್ಮನಿಯ ಕಾರ್ಲ್ ಲುಡ್ವಿಗ್, ರಕ್ತದ ಒತ್ತಡವೇ ಅಲ್ಲಿ ಸೋಸುತ್ತದೆ ಎಂದ. ಅವನ ದೇಶದವನೇ ಆದ ಹೈಡನ್‌ಹೈನ್ ಒಪ್ಪಲಿಲ್ಲ. ಜೀವಕೋಶಗಳು ಸ್ರವಿಸುತ್ತವೆ ಎಂದು ಪಟ್ಟು ಹಿಡಿದ. ತೀರ್ಪು ಕೊಟ್ಟದ್ದು ಕಪ್ಪೆ. 1924ರಲ್ಲಿ ಫಿಲಡೆಲ್ಫಿಯಾದಲ್ಲಿ ವರ್ನ್ ಮತ್ತು ರಿಚರ್ಡ್ಸ್ ಗಾಜಿನ ಸೂಜಿಯಂಥ ಕೊಳವೆಯನ್ನು ಕಪ್ಪೆಯ ಆ ಬಟ್ಟಲಿಗೇ ಚುಚ್ಚಿ ಹನಿ ತೆಗೆದರು. ಹನಿಯಲ್ಲಿ ಸಕ್ಕರೆ ಇತ್ತು, ಪ್ರೋಟೀನು ಇರಲಿಲ್ಲ. ಅದೇ ಕಪ್ಪೆಯ ಮೂತ್ರದಲ್ಲಿ ಸಕ್ಕರೆಯೂ ಇರಲಿಲ್ಲ. ಅಲ್ಲಿಗೆ ಸೋಸುವುದೂ ವಾಪಸು ಕರೆಯುವುದೂ ಒಟ್ಟಿಗೇ ಸಾಬೀತಾದವು. ಪಾಪ, ಕಪ್ಪೆಗಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ನನಗೆ ಇದಕ್ಕಿಂತ ದೊಡ್ಡ ಬೆರಗು ಬೇರೆ. ಒತ್ತಡದಿಂದ ಸೋಸುವುದಾದರೆ ಬಿಪಿ ಏರಿದಾಗೆಲ್ಲ ಹೆಚ್ಚು ಸೋಸಬೇಕಲ್ಲ? ಮೇಲಧಿಕಾರಿಯ ಫೋನು ಬಂದರೂ ಸಾಕು, ಬಿಪಿ ಏರಲು. ಒತ್ತಡ 100ರಿಂದ 125ಕ್ಕೆ ಏರಿ, ಸೋಸುವುದು ಅದೇ ಲೆಕ್ಕದಲ್ಲಿ ಹೆಚ್ಚಿ, ವಾಪಸು ಕರೆಯುವುದು ಮಾತ್ರ ಹಾಗೇ ಉಳಿದರೆ ದಿನದ ಮೂತ್ರ 46 ಲೀಟರು ದಾಟುತ್ತದೆ. ಮೈಯಲ್ಲಿ ಸೋಸಲು ಸಿಗುವ ಪ್ಲಾಸ್ಮಾ ಇರುವುದೇ ಮೂರು ಲೀಟರು. ಫೋನಿಡುವುದರೊಳಗೆ ಅಲ್ಲವಾದರೂ ಸಂಜೆಯೊಳಗಂತೂ ನೌಕರ ಒಣಗಿರುತ್ತಿದ್ದ.

ಹಾಗಾಗುವುದಿಲ್ಲ. ಉಂಡೆಗೆ ರಕ್ತ ತರುವ ನಾಳ, ಅಂದರೆ ಒಳಬಾಗಿಲು, ಒತ್ತಡ ಹೆಚ್ಚಿ ಹಿಗ್ಗಿದ ಕೂಡಲೇ ತಾನಾಗಿ ಬಿಗಿದುಕೊಳ್ಳುತ್ತದೆ. ಎರಡನೆಯ ಉಪಾಯ ಇನ್ನೂ ಚಂದ. ಸೋಸಿದ ನೀರು ಹರಿಯುವ ಕೊಳವೆ ಎಲ್ಲೆಲ್ಲೋ ಸುತ್ತಿ, ಇಳಿದು, ಹತ್ತಿ, ಕೊನೆಗೆ ತಾನು ಹೊರಟ ಉಂಡೆಯ ಬಾಗಿಲಿಗೇ ಬಂದು ತಾಗುತ್ತದೆ. ಅಲ್ಲಿ ಕೆಲವು ಕೋಶಗಳು ಕೂತು, ಒಲೆಯ ಮುಂದೆ ಸಾರಿನ ಹನಿಯನ್ನು ಅಂಗೈಗೆ ಬಿಟ್ಟುಕೊಳ್ಳುವ ಅತ್ತೆಯ ಹಾಗೆ ಉಪ್ಪು ನೋಡುತ್ತವೆ. (ನೈವೇದ್ಯಕ್ಕೆ ಮುಂಚೆ ರುಚಿ ನೋಡಬಾರದೆಂಬ ಮಡಿ ಇಲ್ಲಿ ನಡೆಯುವುದಿಲ್ಲ.) ಉಪ್ಪು ಜಾಸ್ತಿಯೇ? ನೀರು ವೇಗವಾಗಿ ಬರುತ್ತಿದೆ, ವಾಪಸು ಕರೆಯಲು ಪುರುಸೊತ್ತಿಲ್ಲ ಎಂದರ್ಥ, ಒಳಬಾಗಿಲು ಕಿರಿದಾಗುತ್ತದೆ. ಕಡಿಮೆಯೇ? ಒಳಬಾಗಿಲು ಅಗಲವಾಗುತ್ತದೆ, ರೆನಿನ್ ಎಂಬ ಕಿಣ್ವ ಹೊರಡುತ್ತದೆ, ಅದರಿಂದ ಹುಟ್ಟುವ ಆಂಜಿಯೋಟೆನ್ಸಿನ್ ರಕ್ತ ಆಚೆ ಹೋಗುವ ಹೊರಬಾಗಿಲನ್ನು ಬಿಗಿಯುತ್ತದೆ, ಉಂಡೆಯೊಳಗೆ ಒತ್ತಡ ಉಳಿಯುತ್ತದೆ. ಹೀಗೆ ಸರಾಸರಿ ಒತ್ತಡ 80ರಿಂದ 180ರವರೆಗೆ ಓಲಾಡಿದರೂ ಸೋಸುವ ಪ್ರಮಾಣ ಹೆಚ್ಚು ಕದಲುವುದಿಲ್ಲ. ನೆತ್ತಿಯಡಿಯ ಮಿದುಳಿನ ಅಪ್ಪಣೆಯೂ ಬೇಕಿಲ್ಲ.

ಈ ವ್ಯವಸ್ಥೆಗೂ ಒಂದು ದುರ್ಬಲ ಗಳಿಗೆಯುಂಟು. ಮೈಯಲ್ಲಿ ನೀರು ತೀರಾ ಕಡಿಮೆಯಾದಾಗ ಒಳಬಾಗಿಲನ್ನು ತೆರೆದಿಡುವುದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ತಡೆಯುವುದು ಅದರ ತಯಾರಿಯನ್ನೇ.

ನಮ್ಮ ದೊಡ್ಡಮ್ಮನಿಗೆ ಮಂಡಿ ನೋವು ಹಳೆಯದು, ಏಕಾದಶಿ ಇನ್ನೂ ಹಳೆಯದು. ಆ ದಿನ ತೊಟ್ಟು ನೀರೂ ಇಲ್ಲ, ಪ್ರದಕ್ಷಿಣೆ ಮಾತ್ರ ದುಪ್ಪಟ್ಟು. ಹಾಗಾಗಿ ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ. ಡಾಕ್ಟರು ತಲೆ ಚಚ್ಚಿಕೊಂಡು, “ಅಮ್ಮಾ, ಮಾತ್ರೆ ಬಿಡಿ, ಇಲ್ಲವೇ ನೀರಾದರೂ ಕುಡಿಯಿರಿ” ಅಂದರು. ದೊಡ್ಡಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿ ಕೇಳಿದರು: “ತೀರ್ಥ ಆದರೆ ಎಷ್ಟು ಉದ್ಧರಣೆ ತಗೊಂಡರೆ ಸಾಕಾಗುತ್ತೆ, ಡಾಕ್ಟ್ರೇ?”