ಗೊಬ್ಬರಕ್ಕೊಂದು ಮಾಡು

ಅಕ್ಕಾ, ಕಡ್ಡಿ ಗೀರಬೇಡಿ, ಒಂಚೂರು ನಿಲ್ಲಿ. ಆ ಒಣ ಎಲೆ, ಆ ದರಕು ನಿಮಗೆ ಬೇಡದಿದ್ದರೆ ಬೇಲಿಯ ಮೇಲಿಂದ ಈಚೆಗೆ ಹಾಕಿಬಿಡಿ, ನನಗೆ ಬೇಕು. ಬೇಕಾದರೆ ಬುಟ್ಟಿ ತಂದು ನಾನೇ ತುಂಬಿಕೊಳ್ತೇನೆ.

ಮಾಘ ಮಾಸ ಬಂತೆಂದರೆ ನಮ್ಮ ಕಾಗಾಲದಲ್ಲಿ ಮಾವು, ಹಲಸು, ಗೇರು ಎಲ್ಲದರ ಎಲೆಯೂ ಅಂಗಳಕ್ಕೇ. ಬೆಳಿಗ್ಗೆ ಗುಡಿಸುವುದು, ರಾಶಿ ಮಾಡುವುದು, ಬೆಂಕಿ ಇಡುವುದು. ಬೂದಿ ಸಿಗ್ತದೆ, ಬೂದಿಯಲ್ಲಿ ಪೊಟ್ಯಾಷ್ ಇದೆ, ಬಸಳೆ ಬುಡಕ್ಕೆ, ಬದನೆ ಬುಡಕ್ಕೆ ಅದು ಒಳ್ಳೆಯದೇ. ಆದರೆ ಎಲೆಯಲ್ಲಿದ್ದ ಸಾರಜನಕ ಹೊಗೆಯಾಗಿ ಹೋಯ್ತು. ಮಣ್ಣಲ್ಲಿ ನೀರು ನಿಲ್ಲಿಸಬೇಕಾಗಿದ್ದ ಇಂಗಾಲವೂ ಹೋಯ್ತು. ನಮ್ಮ ಹಿತ್ತಲಿಗೆ ಬೂದಿಗಿಂತ ಹೆಚ್ಚು ಬೇಕಾದದ್ದು ಅವೆರಡೇ.

ನೀವೇ ನೋಡಿ, ಒಂದು ಬದಿ ಸಮುದ್ರ, ಇನ್ನೊಂದು ಬದಿ ಅಘನಾಶಿನಿ ಹೊಳೆ. ಹೊಳೆಯಂಚಿನ ಗಜನಿ ಗದ್ದೆಯ ಕಗ್ಗ ಭತ್ತಕ್ಕೆ ಯಾರೂ ಗೊಬ್ಬರ ಹೊರುವುದಿಲ್ಲ. ಭರತದ ನೀರು ತಂದು ಬಿಟ್ಟ ಮೆಕ್ಕಲೇ ಅದಕ್ಕೆ ಸಾಕು. ಮನೆಯ ಹಿತ್ತಲಿಗೆ ಆ ಭಾಗ್ಯ ಇಲ್ಲ. ಇಲ್ಲಿರುವುದು ಉಸುಕು, ಇಲ್ಲವಾದರೆ ಚಿರೆಕಲ್ಲಿನ ಕೆಂಪು ಮಣ್ಣು. ಉಸುಕಿನಲ್ಲಿ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ. ಕೆಂಪು ಮಣ್ಣಿಗೆ ಹುಳಿ ಗುಣ. ಮೇಲಿಂದ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಮಣ್ಣಿನ ಸಾರವನ್ನೆಲ್ಲ ತೊಳೆದು ಹೊಳೆಗೆ ಒಯ್ಯುವ ಮಳೆ ಅದು.

ಘಟ್ಟದ ಮೇಲಿನವರಿಗೆ ಸೊಪ್ಪು, ದರಕಿನ ಬೆಲೆ ಗೊತ್ತಿತ್ತು. ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರು. ಒಂದು ಎಕರೆ ತೋಟ ಬದುಕಬೇಕಾದರೆ ಅಷ್ಟು ಕಾಡಿನ ಸೊಪ್ಪು, ದರಕು ಕೊಟ್ಟಿಗೆಗೆ ಬರಬೇಕು, ದನದ ಕಾಲಡಿ ಬಿದ್ದು ಗೊಬ್ಬರ ಆಗಬೇಕು. ನಮ್ಮ ಹಿತ್ತಲಿಗೆ ಬೆಟ್ಟ ಇಲ್ಲ, ಈಗ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ದನವೂ ಇಲ್ಲ. ಇರುವುದು ಅಂಗಳಕ್ಕೆ ತಾನಾಗಿ ಬಿದ್ದ ಎಲೆ. ಅದನ್ನೂ ಸುಟ್ಟರೆ ಮಣ್ಣಿಗೆ ಕೊಡಲಿಕ್ಕೆ ನಮ್ಮ ಹತ್ತಿರ ಉಳಿಯುವುದು ಏನು?

ಗೊಬ್ಬರಕ್ಕೆ ಗುಂಡಿ ತೆಗೆಸಿದ್ದೆ, ಮಳೆಗಾಲದಲ್ಲಿ ನೀರು ತುಂಬಿ ನಾರಿತು, ಅದಕ್ಕೇ ಬಿಟ್ಟೆ ಅಂತೀರಿ. ಹೌದು, ನಾರಲೇಬೇಕು. ನೀರು ತುಂಬಿದಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದಲ್ಲಿ ಎಲೆ ಕಳಿಯುವುದಿಲ್ಲ, ಕೊಳೆಯುತ್ತದೆ. ಗುಂಡಿಯ ಪದ್ಧತಿಯೇ ತಪ್ಪು ಅಂತ ಅಲ್ಲ, ಅದು ಒಣ ಸೀಮೆಗೆ ಹೇಳಿದ್ದು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದ ಕಾಂಪೋಸ್ಟ್ ಕ್ರಮಕ್ಕೆ ಇಡೀ ಜಗತ್ತಿನಲ್ಲಿ ಬೆಂಗಳೂರು ಪದ್ಧತಿ ಎಂದೇ ಹೆಸರು. ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಕೆಸರು ಮೆತ್ತಿ, ತಿರುವಿ ಹಾಕದೆ ತಿಂಗಳುಗಟ್ಟಲೆ ಬಿಡುವುದು. ಮಳೆ ಕಡಿಮೆ ಇರುವಲ್ಲಿ ಅದು ಬಹಳ ಚೆನ್ನ. ಅದಕ್ಕೂ ಮೊದಲು ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಎಂಬ ವಿಜ್ಞಾನಿ ಇನ್ನೊಂದು ಕ್ರಮ ಕಂಡುಕೊಂಡಿದ್ದರು. ಯಶವಂತ ವಾಡ್ ಎಂಬವರ ಜೊತೆಗೂಡಿ 1931ರಲ್ಲಿ ಅದನ್ನು ಪುಸ್ತಕವಾಗಿಯೂ ಬರೆದರು. ಆಗಾಗ ತಿರುವಿ ಗಾಳಿ ಕೊಡುವುದು ಆ ಕ್ರಮ. ಬೇಸಿಗೆಗೆ ಗುಂಡಿ ಇರಲಿ, ಮಳೆಗಾಲಕ್ಕೆ ನೆಲದ ಮೇಲೆ ರಾಶಿ ಹಾಕಿ ಎಂದೇ ಹೊವಾರ್ಡರ ಸಲಹೆ. ಇಂದೋರಿನ ಮಳೆಗೇ ಅವರು ಹಾಗೆ ಹೇಳಿದ್ದರು. ನಮ್ಮ ಆಷಾಢದ ಮಳೆಗೆ ರಾಶಿಯೊಂದೇ ಸಾಲದು, ಅದರ ಮೇಲೆ ಮಾಡೂ ಬೇಕು.

ನಾಲ್ಕು ಗೂಟ, ಮೇಲೆ ಹೆಣೆದ ತೆಂಗಿನ ಗರಿಯ ತಟ್ಟಿ ಅಥವಾ ಹಳೆಯ ಸಿಮೆಂಟ್ ಶೀಟು. ನೆಲ ಒಂದು ಗೇಣು ಎತ್ತರ ಇರಲಿ, ಸುತ್ತ ನೀರು ಹೋಗಲಿಕ್ಕೆ ಒಂದು ಸಣ್ಣ ಕಾಲುವೆ. ಅಡಿಗೆ ತೆಂಗಿನ ಸಿಪ್ಪೆ, ಕಡ್ಡಿ ಹರವಿದರೆ ಕೆಳಗಿಂದಲೂ ಗಾಳಿ ಆಡ್ತದೆ. ಅದರ ಮೇಲೆ ಒಂದು ಮೊಳ ದರಕು, ನಾಲ್ಕು ಬೆರಳು ಹಸಿ ಸೊಪ್ಪು, ಸಗಣಿ ನೀರು, ಒಂದು ಹಿಡಿ ಮಣ್ಣು, ಮತ್ತೆ ದರಕು. ಇಂಗಾಲ ಇಪ್ಪತ್ತೈದು ಮೂವತ್ತು ಪಾಲಿದ್ದರೆ ಸಾರಜನಕ ಒಂದು ಪಾಲು ಇರಬೇಕು ಅಂತ ಶಾಸ್ತ್ರ. ಬರೀ ದರಕಿನಲ್ಲಿ ಇಂಗಾಲ ಬಹಳ ಹೆಚ್ಚು, ಹಾಗಾಗಿ ಹಸಿ ಸೊಪ್ಪು ಬೇಕೇಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮಿಬ್ಬರ ನಡುವಿನ ಈ ಬೇಲಿ ಪೂರಾ ಗ್ಲಿರಿಸಿಡಿಯಾ. ಕಡಿದಷ್ಟೂ ಚಿಗುರುತ್ತದೆ, ಸೊಪ್ಪಿನ ತುಂಬ ಸಾರಜನಕ. ನೀವು ಆಚೆ ಬದಿ ಕಡಿಯಿರಿ, ನಾನು ಈಚೆ ಬದಿ ಕಡೀತೇನೆ.

ಮೀನು ಹೆಚ್ಚಿದ ತಲೆ, ಹೊಟ್ಟೆ, ಸಿಪ್ಪೆ ಇದೆಯಲ್ಲ, ಅದನ್ನು ತೆಂಗಿನ ಬುಡಕ್ಕೆ ಹಾಗೇ ಎಸೆದರೆ ನಾಯಿ, ಕಾಗೆಗೆ ಹಬ್ಬ. ರಾಶಿಯ ನಡುಮಧ್ಯೆ ಹೂತು, ಮೇಲೆ ಬೂದಿ, ದರಕು ದಪ್ಪಕ್ಕೆ ಮುಚ್ಚಿ. ವಾಸನೆ ಬರುವುದಿಲ್ಲ, ಸಾರಜನಕ, ರಂಜಕ ಎರಡೂ ರಾಶಿಗೆ ಸೇರ್ತದೆ. ಒಣಮೀನು ತೊಳೆದ ನೀರು ಮಾತ್ರ ಬೇಡ, ಉಪ್ಪು ಗಿಡಕ್ಕೂ ಆಗದು, ಎರೆಹುಳಕ್ಕೂ ಆಗದು. ಹೊಳೆಯ ಬಳಚಿನ ಚಿಪ್ಪಿಯನ್ನು ಎಸೆಯಬೇಡಿ, ಕುಟ್ಟಿ ಪುಡಿ ಮಾಡಿ ಮಣ್ಣಿಗೆ ಸೇರಿಸಿ. ಅದು ಸುಣ್ಣದ ಅಂಶ, ಕೆಂಪು ಮಣ್ಣಿನ ಹುಳಿಯನ್ನು ನಿಧಾನಕ್ಕೆ ತಗ್ಗಿಸ್ತದೆ.

ಹಸಿ ಎಷ್ಟಿರಬೇಕು ಅಂದರೆ, ಒಂದು ಮುಷ್ಟಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಸರಿಯಾಗಿ ಕೂತ ರಾಶಿಯ ಹೊಟ್ಟೆ ಬಿಸಿ ಏರ್ತದೆ, 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಕಳೆಯ ಬೀಜ ಸಾಯ್ತದೆ. ಬಿಸಿ ಇಳಿದ ಮೇಲೆ ತಿರುವಿ ಹಾಕಬೇಕು. ಹಾವಿನ ಹೆದರಿಕೆ ಅಂತೀರಿ, ಅದು ಸುಮ್ಮನೆ ಅಲ್ಲ. ರಾಶಿ ಮನೆಯ ಗೋಡೆಗೆ ತಾಗಿ ಇರುವುದು ಬೇಡ, ತಿರುವುವುದು ಹಗಲಲ್ಲೇ, ಉದ್ದ ಹಿಡಿಯ ಮುಳ್ಳುಗುದ್ದಲಿಯಲ್ಲೇ. ಬರಿಗೈ ಹಾಕಲೇಬೇಡಿ.

ತಿರುವಲಿಕ್ಕೆ ಇನ್ನೊಂದು ಕಾರಣ ಇದೆ, ತೆಂಗಿನ ಮರ ಇದ್ದವರು ಅದನ್ನು ಮರೆಯಬಾರದು. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆ ಇಡುವುದು ಗೊಬ್ಬರದ ರಾಶಿಯಲ್ಲಿ. ಅದರ ದಪ್ಪ ಬಿಳಿ ಮರಿಹುಳ ತಿಂಗಳುಗಟ್ಟಲೆ ಅಲ್ಲೇ ಬೆಳೀತದೆ. ರಾಶಿ ಹಾಕಿ ಮರೆತುಬಿಟ್ಟರೆ ನಮ್ಮ ಮರದ ವೈರಿಯನ್ನು ನಾವೇ ಸಾಕಿದ ಹಾಗೆ. ತಿಂಗಳಿಗೊಮ್ಮೆ ತಿರುವಿ, ಕಂಡ ಹುಳವನ್ನು ಹೆಕ್ಕಿ ಕೋಳಿಗೆ ಹಾಕಿ. ಮೆಟರೈಜಿಯಂ ಎಂಬ ಶಿಲೀಂಧ್ರದ ಪುಡಿಯನ್ನು ರಾಶಿಗೆ ಬೆರೆಸಿದರೂ ಹುಳ ಸಾಯ್ತದೆ.

ತೆಂಗಿನ ಗರಿ ಕಳಿಯುವುದೇ ಇಲ್ಲ ಎಂಬ ಮಾತೂ ಸರಿ ಅಲ್ಲ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಅದಕ್ಕೆಂದೇ ಯೂಡ್ರಿಲಸ್ ಜಾತಿಯ ಎರೆಹುಳದ ಒಂದು ತಳಿಯನ್ನು ಆರಿಸಿ ಬೆಳೆಸಿದ್ದಾರೆ. ಹತ್ತು ಪಾಲು ಗರಿಗೆ ಒಂದು ಪಾಲು ಸಗಣಿ ಅವರ ಲೆಕ್ಕ. ದಿಂಡು ತೆಗೆದು, ಎಲೆಯನ್ನು ತುಂಡು ಮಾಡಿ, ನೆನೆಸಿ, ಕೆಲವು ವಾರ ಕಳಿಯಲು ಬಿಟ್ಟ ಮೇಲೆ ಹುಳ ಬಿಡಬೇಕು. ಬಿಸಿ ರಾಶಿಗೆ ಬಿಟ್ಟರೆ ಹುಳ ಉಳಿಯುವುದಿಲ್ಲ.

ಇನ್ನು ಹಾಕುವ ಕ್ರಮ. ಗೊಬ್ಬರ ಕಪ್ಪಾಗಿ, ಪುಡಿಯಾಗಿ, ತಣ್ಣಗಾಗಿ, ಮೊದಲ ಮಳೆಯ ಮಣ್ಣಿನ ಪರಿಮಳ ಬಂದಿರಬೇಕು. ಅರ್ಧ ಕಳಿತದ್ದನ್ನು ಹಾಕಿದರೆ ಅದು ಕಳಿಯಲಿಕ್ಕೆ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ತದೆ, ಗಿಡದ ಎಲೆ ಹಳದಿ ಆಗ್ತದೆ. ಆಷಾಢ ಶ್ರಾವಣದ ಜಡಿಮಳೆಗೆ ಎದುರಾಗಿ ಗೊಬ್ಬರ ಹಾಕುವುದು ಹೊಳೆಗೆ ಹಾಕಿದಂತೆಯೇ. ಮಳೆ ಹಿಂದಾಗುವಾಗ ತೆಂಗಿನ ಬುಡ ಬಿಡಿಸಿ, ಮರದಿಂದ ಆರಡಿಯವರೆಗೆ ಸುತ್ತ ಹರವಿ ಮಣ್ಣು ಮುಚ್ಚಿ. ಫಲ ಕೊಡುವ ಮರಕ್ಕೆ ವರ್ಷಕ್ಕೆ 50 ಕಿಲೋ ಎಂಬುದು ತೋಟಗಾರಿಕೆಯವರ ಮಾತು. ದೀಪಾವಳಿ ಕಳೆದು ಹರಿವೆ, ಬದನೆ, ಮೊಗೆಕಾಯಿ, ಅಲಸಂದೆ ಹಾಕುವಾಗ ಪಾತಿಗೆ ಧಾರಾಳ ಬೆರೆಸಿ. ಉಸುಕಿನಲ್ಲೂ ನೀರು ನಿಲ್ತದೆ, ಬಾವಿಯಿಂದ ಸೇದುವ ಕೊಡ ಕಡಿಮೆ ಆಗ್ತದೆ.

ಹಾಗಾಗಿ ಅಕ್ಕಾ, ಈ ವರ್ಷ ಬೆಂಕಿ ಬೇಡ. ಉದುರಿದ ದರಕನ್ನೆಲ್ಲ ಒಂದು ಮೂಲೆಯಲ್ಲಿ ಒಟ್ಟಿಡಿ. ಮೃಗಶಿರಾ ಮಳೆ ಹಿಡಿಯುವ ಮೊದಲು ಅದಕ್ಕೊಂದು ಮಾಡು ಕಟ್ಟಿ. ಗೂಟ ಹುಗಿಯಲಿಕ್ಕೆ ನಾನು ಬರ್ತೇನೆ.