ಅಟ್ಟದ ಅಡಿಕೆಯೂ ದೂರದೃಷ್ಟಿಯೂ: ಉಜಿರೆ ಪ್ರಸ್ಥಾನದ ಒಂದು ಶಾಸ್ತ್ರವಿಚಾರ

ಸ್ಟ್ರಾಟೆಜಿ ಎಂಬುದು ಐದಾರು ವರ್ಷ ಮುಂದಿನ ಮಾತು, ಅದನ್ನು ಮೇಲಿನವರು ಯೋಚಿಸಬೇಕು. ಟ್ಯಾಕ್ಟಿಕ್ಸ್ ಈ ವರ್ಷದ್ದು, ಅದು ನಡುವಿನವರ ಪಾಲು. ಇವತ್ತಿನ ಕೆಲಸ ಕೆಳಗಿನವರದು. ಇದು ಪೂರ್ವಪಕ್ಷ. ಆಲ್ಫ್ರೆಡ್ ಚಾಂಡ್ಲರ್ 1962ರಲ್ಲೂ ಇಗೊರ್ ಆನ್ಸಾಫ್ 1965ರಲ್ಲೂ ಗ್ರಂಥ ಬರೆದು ಈ ಮತಕ್ಕೆ ಅಡಿಪಾಯ ಹಾಕಿದರು. ಇಬ್ಬರೂ ಚಾರ್ಮಾಡಿ ಘಾಟಿಯ ಕೆಳಗೆ ಅಡಿಕೆ ತೋಟ ಮಾಡಿದವರಲ್ಲ ಎಂಬುದನ್ನು ವಿದ್ವಾಂಸರು ಗಮನಿಸತಕ್ಕದ್ದು.

ಕ್ಷೇತ್ರ ಮಹಾತ್ಮೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1966ರಲ್ಲಿ ದೇಶದ ಪಂಚವಾರ್ಷಿಕ ಯೋಜನೆ ಮೂರು ವರ್ಷದ ರಜೆ ಹಾಕಿ ಹೋಯಿತು; ಅದೇ ವರ್ಷ ಉಜಿರೆಯಲ್ಲಿ ಎಸ್.ಡಿ.ಎಂ. ಕಾಲೇಜು ಬಾಗಿಲು ತೆರೆಯಿತು. 1982ರಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಇಲ್ಲಿಯೇ ರುಡ್‌ಸೆಟ್ ಸಂಸ್ಥೆ ಕಟ್ಟಿ, ಕೆಲಸವಿಲ್ಲದ ಹುಡುಗರಿಗೆ ಊಟ ವಸತಿ ಕೊಟ್ಟು ಸ್ವಉದ್ಯೋಗ ಕಲಿಸತೊಡಗಿದವು. ಆ ಮಾದರಿ ಈಗ ಆರ್‌ಸೆಟಿ ಎಂಬ ಹೆಸರಿನಲ್ಲಿ ದೇಶದ ಹೆಚ್ಚಿನ ಜಿಲ್ಲೆಗಳಲ್ಲಿ ಇದೆ. ಅಂದಮೇಲೆ ಯೋಜನೆ ಉಜಿರೆಯಿಂದ ಹೊರಗೆ ಹೋಗುವ ಸರಕು. ಊರೊಳಗೆ ಅದರ ಬಳಕೆ ಎಷ್ಟು ಎಂಬುದೇ ಪ್ರಸ್ತುತ ಪ್ರಬಂಧದ ಜಿಜ್ಞಾಸೆ.

ತೋಟವೆಂಬ ಉದ್ಯಮದ ಅಧ್ಯಕ್ಷರ ಆಸನ ಜಗಲಿಯ ಆರಾಮಕುರ್ಚಿ. ಸಸಿ ನೆಟ್ಟು ಐದಾರು ವರ್ಷ ಫಸಲಿಗೆ ಕಾಯುವುದು ಅವರ ಸ್ಟ್ರಾಟೆಜಿ. ಕೊಳೆರೋಗಕ್ಕೆ ಮದ್ದು ಬಿಡಿಸುವುದು ಟ್ಯಾಕ್ಟಿಕ್ಸ್: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು, ಮಳೆ ಹಿಡಿಯುವ ಮೊದಲೊಮ್ಮೆ, 40–45 ದಿನ ಕಳೆದು ಮತ್ತೊಮ್ಮೆ. ಈ ಬೋರ್ಡೋ ದ್ರಾವಣದ ಮೂಲವನ್ನು ನಮ್ಮ ಶಾಸ್ತ್ರಜ್ಞರು ಮರೆಯುವುದೇ ಹೆಚ್ಚು. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗೆ ಬಳಿದಿದ್ದ ತಾಮ್ರ-ಸುಣ್ಣ ಅದು. ಆ ಬಳ್ಳಿಗಳಿಗೆ ಮಾತ್ರ ರೋಗ ತಾಗಲಿಲ್ಲವೆಂಬುದನ್ನು ಮಿಲಾರ್ಡೆ ಎಂಬ ಪ್ರೊಫೆಸರು ಕಂಡು 1885ರಲ್ಲಿ ಪ್ರಕಟಿಸಿದರು. ಕಳ್ಳರ ಮೇಲೆ ಹೂಡಿದ ವ್ಯೂಹಕ್ಕೆ ಬಿದ್ದದ್ದು ಶಿಲೀಂಧ್ರ! ಮುಂದೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆಗೆ ಹೊಂದಿಸಿಕೊಟ್ಟರು.

ಇಷ್ಟರವರೆಗೆ ಗ್ರಂಥಕ್ಕೂ ತೋಟಕ್ಕೂ ಭೇದವಿಲ್ಲ. ಆಮೇಲೆ ಅಧ್ಯಕ್ಷರು ಮದ್ದು ಬಿಡುವವನಿಗೆ ಫೋನು ಮಾಡುತ್ತಾರೆ.

“ನಾಳೆ ಹೊಳವಾದ್ರೆ ಬರ್ತೇನೆ ಭಟ್ರೇ.”

“ಹೊಳವಾಗದಿದ್ರೆ?”

“ಆಗ ನಾನು ಬಂದೂ ಏನು ಪ್ರಯೋಜನ ಮಾರಾಯ್ರೆ?”

ಪರಿಸ್ಥಿತಿಗೆ ತಕ್ಕ ಯೋಜನೆ ಎಂಬ ಅಧ್ಯಾಯವನ್ನು ಇಷ್ಟು ಚಿಕ್ಕದಾಗಿ ಯಾವ ಎಂ.ಬಿ.ಎ. ಪುಸ್ತಕವೂ ಮುಗಿಸಿಲ್ಲ. ಮೂರನೆಯ ದಿನ ಮಳೆ ಬಿಟ್ಟು ಹೊಳವಾಗುತ್ತದೆ. ಆತ ಬರುತ್ತಾನೆ, ಚಾ ಕುಡಿಯುತ್ತಾನೆ, ಕಾಲಿಗೆ ತಳೆ ಸಿಕ್ಕಿಸಿ ಮರ ಹತ್ತುತ್ತಾನೆ. ಒಂದು ಮರದ ತಲೆ ಬಗ್ಗಿಸಿ ಇನ್ನೊಂದಕ್ಕೆ ದಾಟಿ ಗೊನೆಗೊನೆಗೆ ಮದ್ದು ಹಾರಿಸುತ್ತಾನೆ. ಕೆಳಗೆ ಅಧ್ಯಕ್ಷರು ಪೈಪು ಎಳೆಯುತ್ತ, ಹೆಂಡತಿ ಬ್ಯಾರಲಿನ ನೀಲಿ ನೀರು ಕದಡುತ್ತ, ಇಬ್ಬರೂ ಕತ್ತೆತ್ತಿ ಅಪ್ಪಣೆಗೆ ಕಾಯುತ್ತಿರುತ್ತಾರೆ. ಗ್ರಂಥಗಳು ಹೇಳುವ ‘ಮೇಲಿನವರು’ ಯಾರೆಂಬ ವಿವಾದ ಇಲ್ಲಿ ಇತ್ಯರ್ಥವಾಗುತ್ತದೆ. ಇದು ಸಿದ್ಧಾಂತಪಕ್ಷ.

ಮಾರಾಟ ಪ್ರಕರಣ ಇನ್ನೂ ಗಹನ. ಅಂಗಳದ ಬಿಸಿಲಿನಲ್ಲಿ ಒಣಗಿ, ಸುಲಿದು, ಗೋಣಿ ಸೇರಿದ ಚಾಲಿ ‘ಹೊಸ ಅಡಿಕೆ’. ಅದನ್ನು ಅಟ್ಟದಲ್ಲಿಟ್ಟು ಸುಮ್ಮನಿದ್ದರೆ ‘ಹಳೆಯದು’; ಮತ್ತೂ ಸುಮ್ಮನಿದ್ದರೆ ‘ಡಬಲ್ ಚೋಲ್’. ಸಾಮಾನ್ಯವಾಗಿ ಒಂದೊಂದು ಮೆಟ್ಟಿಲಿಗೂ ದರ ಹೆಚ್ಚು. ಏನೂ ಮಾಡದಿರುವುದಕ್ಕೆ ಇಷ್ಟು ಧಾರಾಳವಾಗಿ ಕಾಸು ಕೊಡುವ ಕಸುಬು, ಸರಕಾರಿ ನೌಕರಿಯನ್ನು ಬಿಟ್ಟರೆ, ನನಗೆ ತಿಳಿದಿಲ್ಲ. ಹಾಗಾಗಿ ದರ ಏರಿದರೆ ಇನ್ನೂ ಏರಲೆಂದು ಮಾರುವುದಿಲ್ಲ. ಇಳಿದರೆ ಮತ್ತೆ ಏರಲೆಂದು ಮಾರುವುದಿಲ್ಲ. ಒಂದೇ ಕಡೆ ನಿಂತರೆ ಮಾತ್ರ ಮಂಡೆಬೆಚ್ಚ.

ನಿಜಕ್ಕೂ ಕುಳಿತು ಯೋಚಿಸಿದವರೂ ಈ ಜಿಲ್ಲೆಯಲ್ಲಿದ್ದರು. ದರ ನೆಲಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಕೊಕ್ಕೋ ಕೇಳುವವರಿಲ್ಲದಾದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆದರು. ಅಣಕು ಪ್ರಬಂಧಕ್ಕೆ ಇಂಥವರಿಂದ ಉಪದ್ರವವೇ ಹೊರತು ಉಪಯೋಗವಿಲ್ಲ. ನಾವು ಜಗಲಿಗೆ ಮರಳುವುದು ಲೇಸು.

ಅಲ್ಲಿ ಅಧ್ಯಕ್ಷರು ಗುರಿದರವನ್ನು ಮತ್ತೆ ಮೇಲಕ್ಕೆ ತಿದ್ದಿದ್ದಾರೆ. ಒಳಗಿನಿಂದ ಹೆಂಡತಿ, “ಸೋಮವಾರ ಮಗಳ ಹಾಸ್ಟೆಲಿನ ಫೀಸು ಕಟ್ಟಬೇಕು, ನೆನಪುಂಟಾ?” ಎನ್ನುತ್ತಾರೆ. ಮಧ್ಯಾಹ್ನದೊಳಗೆ ಎರಡು ಗೋಣಿ ಅಟ್ಟ ಇಳಿದು ಪಿಕಪ್ ಹತ್ತುತ್ತವೆ. ಅಧ್ಯಕ್ಷರು ಡೈರಿ ತೆರೆದು ‘ಹಂತಹಂತದ ಮಾರಾಟ, ಮೊದಲನೆಯ ಕಂತು, ಪೂರ್ವಯೋಜಿತ’ ಎಂದು ಬರೆದು ಹೋದ ತಿಂಗಳ ತಾರೀಕು ಹಾಕುತ್ತಾರೆ.